ಊರಿನ ನೋಟವೂ ಊರಿನ ಆಸ್ತಿಯೇ

ಒಂದು ಊರಿನ ಆಸ್ತಿ ಯಾವುದು ಎಂದು ಯಾರಾದರೂ ಕೇಳಿದರೆ ನಾವು ಕೂಡಲೇ ಎಣಿಸತೊಡಗುತ್ತೇವೆ. ಗೋಮಾಳ, ಕೆರೆ, ಶಾಲೆಯ ಕಟ್ಟಡ, ದೇವಸ್ಥಾನ, ಕುಡಿಯುವ ನೀರಿನ ತೊಟ್ಟಿ, ರಸ್ತೆ. ಇವೆಲ್ಲವೂ ಪಂಚಾಯಿತಿಯ ದಫ್ತರದಲ್ಲಿ ದಾಖಲಾಗಿರುತ್ತವೆ. ಆದರೆ ಯಾವ ದಫ್ತರದಲ್ಲಿಯೂ ಬರೆಯದ ಒಂದು ಆಸ್ತಿಯೂ ಉಂಟು. ಮುಂಜಾನೆ ಹೊಲಕ್ಕೆ ಹೊರಟ ರೈತ ತಲೆಯೆತ್ತಿದರೆ ಕಾಣುವ ಬಂಡೆಗುಡ್ಡ, ಅದರ ಬುಡದಲ್ಲಿ ಹಸಿರಾಗಿ ಹರಡಿದ ಕಬ್ಬು ಮತ್ತು ಬಾಳೆ, ತೆಂಗಿನ ಸಾಲಿನ ಮೇಲೆ ಎದ್ದು ನಿಂತ ಗುಡಿಯ ಶಿಖರ, ಇವು ಸೇರಿ ಆಗುವ ನೋಟವೇ ಆ ಆಸ್ತಿ. ಇದಕ್ಕೆ ಕಂದಾಯವಿಲ್ಲ, ಪಹಣಿಯಿಲ್ಲ. ಆದ್ದರಿಂದಲೇ ಅದು ಹೋಗುವಾಗ ಯಾರಿಗೂ ತಿಳಿಯುವುದಿಲ್ಲ. ಹೋದ ಮೇಲೆ ಎಲ್ಲರಿಗೂ ತಿಳಿಯುತ್ತದೆ.

ಹೊಸಪೇಟೆಯಿಂದ ಕಮಲಾಪುರದ ಕಡೆಗೆ ಹೋಗುವ ರಸ್ತೆಯಲ್ಲಿರುವ ಮಲಪನಗುಡಿಯವರಿಗೆ ಈ ಮಾತು ದೂರದ್ದಲ್ಲ. ಹಂಪಿಗೆ ಬರುವ ಪ್ರವಾಸಿಗರು ಈ ಊರಿನ ಮುಂದೆಯೇ ಹಾದು ಹೋಗುತ್ತಾರೆ. ರಸ್ತೆಯ ಅಂಚಿನ ಭೂಮಿಗೆ ಬೇಡಿಕೆ ಇದೆ. ಇಂದು ಬಾಳೆ ಬೆಳೆದಿರುವ ತುಂಡು ನೆಲದಲ್ಲಿ ನಾಳೆ ವಸತಿಗೃಹ ಕಟ್ಟಬೇಕು, ನಿವೇಶನಗಳ ಬಡಾವಣೆ ಮಾಡಬೇಕು ಎಂಬ ಅರ್ಜಿಗಳು ಬಂದೇ ಬರುತ್ತವೆ. ಆಗ ಪಂಚಾಯಿತಿಯ ಸದಸ್ಯರು ಏನು ನೋಡಬೇಕು, ಗ್ರಾಮಸಭೆಯಲ್ಲಿ ಕುಳಿತ ಸಾಮಾನ್ಯ ರೈತ ಯಾವ ಪ್ರಶ್ನೆ ಕೇಳಬೇಕು, ಅರ್ಜಿದಾರನು ತನ್ನ ಲಾಭವನ್ನು ಬಿಡದೆ ಊರಿನ ಅಂದವನ್ನು ಹೇಗೆ ಉಳಿಸಬಹುದು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನೋಟ ಎಂದರೇನು?

ನೋಟ ಎಂದರೆ ಬರಿಯ ಅಲಂಕಾರವೆಂದು ಕೆಲವರು ತಿಳಿಯುತ್ತಾರೆ. ಹೊಟ್ಟೆ ತುಂಬಿದವರ ಮಾತು ಇದು ಎಂದು ತಳ್ಳಿಹಾಕುವವರೂ ಇದ್ದಾರೆ. ಅದು ಸರಿಯಲ್ಲ. ಒಂದು ಊರನ್ನು ಇನ್ನೊಂದು ಊರಿನಿಂದ ಬೇರೆಯಾಗಿ ಗುರುತಿಸುವ ಚಹರೆಯೇ ನೋಟ. ಮನುಷ್ಯನಿಗೆ ಮುಖ ಇರುವಂತೆ ಊರಿಗೂ ಮುಖ ಇರುತ್ತದೆ. ನಮ್ಮ ಭಾಗದಲ್ಲಿ ಆ ಮುಖವನ್ನು ಮಾಡಿರುವವು ನಾಲ್ಕು ವಸ್ತುಗಳು.

ಮೊದಲನೆಯದು ಗುಡ್ಡ. ಹಂಪಿಯ ಸುತ್ತಲಿನ ಈ ಕಣಶಿಲೆ ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು. ಬಿಸಿಲು, ಮಳೆ, ಗಾಳಿಗಳು ಬಂಡೆಯ ಬಿರುಕುಗಳಲ್ಲಿ ಹೊಕ್ಕು, ಮೂಲೆಗಳನ್ನು ಸವೆಸಿ, ಒಂದರ ಮೇಲೊಂದು ಗುಂಡು ಇಟ್ಟಂತೆ ಮಾಡಿವೆ. ಯಾವ ಗಾರೆಯವನೂ ಇದನ್ನು ಮತ್ತೆ ಕಟ್ಟಲಾರ. ಎರಡನೆಯದು ನೀರು ಮತ್ತು ಬೆಳೆ. ತುಂಗಭದ್ರೆ, ವಿಜಯನಗರದ ಅರಸರ ಕಾಲದಿಂದ ಹರಿಯುತ್ತ ಬಂದಿರುವ ಬಸವ ಕಾಲುವೆ, ತುರುತ್ತು ಕಾಲುವೆಗಳು, ಅವುಗಳ ಕೆಳಗಿನ ಗದ್ದೆ ತೋಟಗಳು. ಮೂರನೆಯದು ಹಳೆಯ ಕಟ್ಟಡಗಳು. ಮಲಪನಗುಡಿಗೆ ಹೆಸರು ಕೊಟ್ಟ ಮಲ್ಲಿಕಾರ್ಜುನನ ಗುಡಿ, ಇಲ್ಲಿನ ಕಮಾನುಗಳುಳ್ಳ ಹಳೆಯ ಬಾವಿ, ಅನಂತಶಯನಗುಡಿಯಲ್ಲಿ ದೂರದಿಂದಲೇ ಕಾಣುವ ಉದ್ದನೆಯ ಕಮಾನು ಛಾವಣಿಯ ಶಿಖರ, ಇವು ಇದಕ್ಕೆ ಸೇರಿದವು. ನಾಲ್ಕನೆಯದು ಜನರ ಮನೆಗಳು. ಕಲ್ಲು ಮಣ್ಣಿನ ಗೋಡೆ, ಮಟ್ಟಸವಾದ ಮಾಳಿಗೆ, ಮುಂದೆ ಕಟ್ಟೆ, ಪಕ್ಕದಲ್ಲಿ ಬೇವಿನ ಮರ.

ಈ ನಾಲ್ಕೂ ಒಂದನ್ನೊಂದು ಮರೆಮಾಡದೆ, ಒಂದಕ್ಕೊಂದು ಹೊಂದಿಕೊಂಡು ನಿಂತಿರುವುದೇ ನಮ್ಮ ಸೀಮೆಯ ಸೊಬಗು. ಗುಡ್ಡ ದೊಡ್ಡದು, ಗುಡಿ ಅದಕ್ಕಿಂತ ಸಣ್ಣದು, ಮನೆ ಇನ್ನೂ ಸಣ್ಣದು. ಈ ಕ್ರಮ ತಪ್ಪಿದಾಗ ಕಣ್ಣಿಗೆ ಏನೋ ಕೆಟ್ಟಿತು ಎನ್ನಿಸುತ್ತದೆ.

ಹಿಂದಿನವರು ನೋಡಿ ಕಟ್ಟಿದರು

ಇದು ಹೊಸ ವಿಚಾರವೇನೂ ಅಲ್ಲ. 1336ರಲ್ಲಿ ಸ್ಥಾಪನೆಯಾಯಿತೆಂದು ಹೇಳಲಾಗುವ ವಿಜಯನಗರವನ್ನು ಕಟ್ಟಿದವರು ಗುಡ್ಡಗಳನ್ನು ನೋಡಿಕೊಂಡೇ ಗೋಡೆ ಎಬ್ಬಿಸಿದರು. ಅರಮನೆಯ ಆವರಣದ ನಡುವೆ ಇರುವ ಹಜಾರ ರಾಮಚಂದ್ರ ದೇವಾಲಯದಿಂದ ಉತ್ತರಕ್ಕೆ ನೇರ ಗೆರೆ ಎಳೆದರೆ ಅದು ಮಾತಂಗ ಪರ್ವತದ ಕಡೆಗೆ ಹೋಗುತ್ತದೆ. ಈಶಾನ್ಯದಲ್ಲಿ ಮಾಲ್ಯವಂತ ಬೆಟ್ಟ ಕಾಣುತ್ತದೆ. ಇದು ಆಕಸ್ಮಿಕವಲ್ಲ, ಬೇಕೆಂದೇ ಮಾಡಿದ ಯೋಜನೆ ಎಂದು 1980ರಿಂದ ಇಲ್ಲಿ ಅನೇಕ ವರ್ಷ ಕೆಲಸ ಮಾಡಿದ ವಿದ್ವಾಂಸರಾದ ಜಾನ್ ಫ್ರಿಟ್ಜ್ ಮತ್ತು ಜಾರ್ಜ್ ಮಿಚೆಲ್ ಅವರು ತೋರಿಸಿದ್ದಾರೆ. ಗುಡಿಯಲ್ಲಿ ನಿಂತವನ ಕಣ್ಣು ಬೆಟ್ಟದ ಮೇಲೆ ಹೋಗಬೇಕು, ಬೆಟ್ಟ ಕಂಡಾಗ ಕಥೆ ನೆನಪಿಗೆ ಬರಬೇಕು ಎಂಬುದೇ ಆ ಯೋಜನೆಯ ತಾತ್ಪರ್ಯ. ನಡುವೆ ಒಂದು ಎತ್ತರದ ಕಟ್ಟಡ ಬಂದರೆ ಆ ಗೆರೆ ಕಡಿದುಹೋಗುತ್ತದೆ. ಗುಡಿಗೆ ಒಂದು ಕಲ್ಲೂ ಅಲುಗಿರುವುದಿಲ್ಲ, ಆದರೆ ಅದರ ಅರ್ಥ ಅರ್ಧ ಹೋಗಿರುತ್ತದೆ.

1520ರ ಸುಮಾರಿಗೆ ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪಟ್ಟಣವನ್ನು ನೋಡಲು ಗುಡ್ಡ ಹತ್ತಿದನು. ಬೆಟ್ಟಗಳ ನಡುವೆ ಹರಡಿದ್ದ ಪಟ್ಟಣವು ಒಂದೇ ಕಡೆಯಿಂದ ಪೂರ್ತಿ ಕಾಣದಿದ್ದರೂ ರೋಮ್ ನಗರದಷ್ಟು ದೊಡ್ಡದೆಂದು ತೋರಿತೆಂದೂ, ಮನೆಗಳ ನಡುನಡುವೆ ತೋಪುಗಳೂ ತೋಟಗಳೂ ನೀರಿನ ಕಾಲುವೆಗಳೂ ಇದ್ದವೆಂದೂ ಅವನು ಬರೆದಿಟ್ಟಿದ್ದಾನೆ. ದೊಡ್ಡ ಪಟ್ಟಣವೂ ಹಸಿರೂ ಒಟ್ಟಿಗೆ ಇರಬಲ್ಲವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗಾದರೆ ಏನನ್ನೂ ಬದಲಿಸಬಾರದೆ? ಹಾಗಲ್ಲ. ಅರಸರೂ ಕಾಲುವೆ ತೋಡಿದರು, ಕೆರೆ ಕಟ್ಟಿದರು, ದಾರಿ ಮಾಡಿದರು. 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೂ ಈ ಸೀಮೆಯ ರೂಪವನ್ನು ಬದಲಿಸಿತು. ಅದರಿಂದ ಊರುಗಳು ಮುಳುಗಿದವು, ಅನೇಕರಿಗೆ ಕಷ್ಟವಾಯಿತು, ಲಕ್ಷಾಂತರ ಎಕರೆಗೆ ನೀರೂ ಬಂತು. ಬದಲಾವಣೆ ಬೇಡ ಎಂದು ಹೇಳುವುದಲ್ಲ, ಕಣ್ಣು ತೆರೆದುಕೊಂಡು ಬದಲಿಸಬೇಕು ಎಂಬುದಷ್ಟೇ ಇಲ್ಲಿನ ಮಾತು.

ನಮ್ಮ ಸುತ್ತಲೇ ಕಲಿತ ಮೂರು ಪಾಠಗಳು

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮಲ್ಲಿದೆ. ಹಂಪಿಯ ಸುತ್ತ ಈ ಗಾದೆ ಮೂರು ಸಲ ನಿಜವಾಗಿದೆ.

ಮೊದಲನೆಯದು ಸೇತುವೆಯ ಕಥೆ. ಹಂಪಿಯು 1986ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆನೆಗೊಂದಿ ಮತ್ತು ವಿರೂಪಾಪುರ ಗಡ್ಡೆಗೆ ಹೊಳೆ ದಾಟಲು ಎರಡು ತೂಗುಸೇತುವೆಗಳ ಕೆಲಸ ನಡೆಯುತ್ತಿತ್ತು. ಸ್ಮಾರಕಗಳ ನಡುವೆ ಎದ್ದ ಕಾಂಕ್ರೀಟು ಕಂಬಗಳು ಮತ್ತು ಅವುಗಳ ಹಿಂದೆ ಬರಲಿದ್ದ ವಾಹನಗಳ ದಟ್ಟಣೆಯ ಕಾರಣದಿಂದ 1999ರಲ್ಲಿ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಗಡ್ಡೆಯ ಸೇತುವೆಯನ್ನು ಕಳಚಲಾಯಿತು. 2006ರಲ್ಲಿ ಆ ಪಟ್ಟಿಯಿಂದ ಹಂಪಿಯ ಹೆಸರನ್ನು ತೆಗೆಯಲಾಯಿತು. ಮತ್ತೆ ಮುಂದುವರಿದಿದ್ದ ಆನೆಗೊಂದಿ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಕೊನೆಗೆ ಹೊಳೆಯ ಕೆಳಭಾಗದಲ್ಲಿ ಬುಕ್ಕಸಾಗರ ಮತ್ತು ಕಡೇಬಾಗಿಲು ನಡುವೆ ಸೇತುವೆ ಆಯಿತು. ಜನರಿಗೆ ಹೊಳೆ ದಾಟುವ ಅಗತ್ಯ ನಿಜವಾಗಿಯೂ ಇತ್ತು, ಅದು ಬೇಡದ ಆಸೆಯಲ್ಲ. ಆದರೆ ಸೇತುವೆ ಎಲ್ಲಿ ಬೇಕು ಎಂಬ ಪ್ರಶ್ನೆಯನ್ನು ಕಂಬ ನೆಡುವ ಮೊದಲೇ ಕೇಳಿದ್ದರೆ ಎಷ್ಟು ವರ್ಷ, ಎಷ್ಟು ಹಣ ಉಳಿಯುತ್ತಿತ್ತು!

ಎರಡನೆಯದು ಹಂಪಿ ಬಜಾರಿನದು. ವಿರೂಪಾಕ್ಷನ ಗುಡಿಯ ಮುಂದಿನ ಕಲ್ಲು ಮಂಟಪಗಳಲ್ಲಿಯೂ ಅವುಗಳ ಸುತ್ತಲೂ ಜನ ಅಂಗಡಿ ಮನೆ ಮಾಡಿಕೊಂಡು ಬಹುಕಾಲ ಬದುಕಿದ್ದರು. ವರ್ಷದಿಂದ ವರ್ಷಕ್ಕೆ ಒಂದೊಂದು ಗೋಡೆ, ಒಂದೊಂದು ತಗಡು ಹೆಚ್ಚಾಯಿತು. ಆಗ ಹೇಳತಕ್ಕವರು ಹೇಳಲಿಲ್ಲ. 2011ರ ಜುಲೈ ತಿಂಗಳಲ್ಲಿ ಒಮ್ಮೆಲೇ ತೆರವು ಮಾಡಿದಾಗ ನೂರಾರು ಕುಟುಂಬಗಳು ಬೀದಿಗೆ ಬಂದವು. ಅವರಿಗೆ ಕಡ್ಡಿರಾಂಪುರದಲ್ಲಿ ಜಾಗ ತೋರಿಸಲಾಯಿತು. ಗುಡಿಯ ಬಾಗಿಲಲ್ಲಿ ನಡೆಯುತ್ತಿದ್ದ ವ್ಯಾಪಾರ ಜಾಗದೊಂದಿಗೆ ಬರುವುದಿಲ್ಲವಷ್ಟೆ.

ಮೂರನೆಯದು ವಿರೂಪಾಪುರ ಗಡ್ಡೆಯದು. ಕೃಷಿ ಭೂಮಿಯಲ್ಲಿ ಅಪ್ಪಣೆಯಿಲ್ಲದೆ ಎದ್ದ ರೆಸಾರ್ಟುಗಳ ವ್ಯಾಜ್ಯ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2020ರ ಫೆಬ್ರವರಿಯಲ್ಲಿ ತೀರ್ಪು ಬಂತು, ಮಾರ್ಚಿಯಲ್ಲಿ ಕಟ್ಟಡಗಳನ್ನು ಉರುಳಿಸಲಾಯಿತು. ಸಾಲ ತಂದು ಹಾಕಿದ ಬಂಡವಾಳವೂ ಅಲ್ಲಿ ದುಡಿಯುತ್ತಿದ್ದವರ ಕೂಲಿಯೂ ಒಂದೇ ದಿನ ಹೋದವು.

ಈ ಮೂರರಲ್ಲಿಯೂ ತಿಳಿಯಬೇಕಾದ ಸಂಗತಿ ಒಂದೇ. ಮೊದಲು ಸುಮ್ಮನಿದ್ದು ಕೊನೆಗೆ ಕೆಡವಿದರೆ ನಷ್ಟ ಬಡವನಿಗೆ. ಮೊದಲೇ ಕುಳಿತು ವಿಚಾರ ಮಾಡಿದರೆ ಯಾರಿಗೂ ನಷ್ಟವಿಲ್ಲ. ಪರಿಶೀಲನೆ ಎಂಬುದು ಅಡ್ಡಗಾಲು ಹಾಕುವ ಕೆಲಸವಲ್ಲ, ಬೀಳದಂತೆ ಕೈಹಿಡಿಯುವ ಕೆಲಸ.

ಅರ್ಜಿ ಬಂದಾಗ ಕೇಳತಕ್ಕ ಆರು ಪ್ರಶ್ನೆಗಳು

ಚೆನ್ನಾಗಿ ಕಾಣುತ್ತದೆಯೆ, ಇಲ್ಲವೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಲೋಕೋ ಭಿನ್ನರುಚಿಃ. ಆದ್ದರಿಂದ ರುಚಿಯನ್ನು ಬಿಟ್ಟು, ಅಳೆಯಬಹುದಾದ ಪ್ರಶ್ನೆಗಳನ್ನೇ ಕೇಳಬೇಕು.

1. ಈ ಜಾಗ ಎಲ್ಲಿಂದ ಕಾಣುತ್ತದೆ? ರಸ್ತೆಯಿಂದ, ಗುಡಿಯ ಕಟ್ಟೆಯಿಂದ, ಕೆರೆಯ ಏರಿಯಿಂದ, ಶಾಲೆಯ ಬಯಲಿನಿಂದ, ಹತ್ತಿರದ ಗುಡ್ಡದ ತಲೆಯಿಂದ ನಿಂತು ನೋಡಬೇಕು. ಯಾರಿಗೂ ಕಾಣದ ಮೂಲೆಯಾದರೆ ಹೆಚ್ಚು ಚರ್ಚೆಯೇ ಬೇಡ.

2. ಹೊಸ ಕಟ್ಟಡದ ಹಿಂದೆ ಏನಿದೆ? ಅದು ಯಾವುದನ್ನು ಮರೆಮಾಡುತ್ತದೆ? ಗುಡ್ಡದ ತುದಿಯ ಗೆರೆಯನ್ನೋ, ಶಿಖರವನ್ನೋ, ಅಥವಾ ಇನ್ನೊಂದು ಸಾಮಾನ್ಯ ಗೋಡೆಯನ್ನೋ?

3. ಅದರ ಎತ್ತರ, ಉದ್ದ ಮತ್ತು ಅಗಲ ಸುತ್ತಲಿನ ಕಟ್ಟಡಗಳಿಗೆ ಹೊಂದುತ್ತವೆಯೆ? ಎತ್ತರ ಎಂದರೆ ಛಾವಣಿಯವರೆಗೆ ಮಾತ್ರವಲ್ಲ. ಮೇಲಿನ ನೀರಿನ ಟ್ಯಾಂಕು, ತಗಡಿನ ಚಪ್ಪರ, ಫಲಕ, ಗೋಪುರ ಎಲ್ಲವನ್ನೂ ಸೇರಿಸಿ ಅಳೆಯಬೇಕು.

4. ಬಣ್ಣ ಮತ್ತು ಸಾಮಗ್ರಿ ಯಾವುದು? ಸುಣ್ಣ, ಮಣ್ಣಿನ ಬಣ್ಣ, ಕಲ್ಲು ಇವು ಗುಡ್ಡದೊಡನೆ ಬೆರೆಯುತ್ತವೆ. ಹೊಳೆಯುವ ಗಾಜು, ಕಡುನೀಲಿ ತಗಡು ಒಂದು ಮೈಲಿಯಿಂದಲೇ ಕಣ್ಣಿಗೆ ಚುಚ್ಚುತ್ತವೆ.

5. ನೆಲಕ್ಕೆ ಏನಾಗುತ್ತದೆ? ಬಂಡೆ ಸಿಡಿಸಬೇಕೆ? ಮರ ಕಡಿಯಬೇಕೆ? ಕಾಲುವೆ ಮುಚ್ಚಬೇಕೆ? ಕಟ್ಟಡವನ್ನು ಮುಂದೊಂದು ದಿನ ಇಳಿಸಬಹುದು. ಸಿಡಿದ ಬಂಡೆಯನ್ನು ಯಾರೂ ಕೂಡಿಸಲಾರರು.

6. ರಾತ್ರಿ ಹೇಗಿರುತ್ತದೆ? ಆಕಾಶಕ್ಕೆ ಬೀಸುವ ದೊಡ್ಡ ದೀಪಗಳು ನಕ್ಷತ್ರಗಳನ್ನು ಅಳಿಸುತ್ತವೆ, ಕಾಡುಪ್ರಾಣಿಗಳನ್ನು ಬೆದರಿಸುತ್ತವೆ. ಈ ಬಂಡೆಗುಡ್ಡಗಳು ಬರಿಯ ನೋಟವಲ್ಲ, ಕರಡಿ ಚಿರತೆಗಳ ಮನೆಯೂ ಹೌದು. ದರೋಜಿಯ ಕರಡಿಧಾಮವನ್ನು 1994ರಲ್ಲಿ ಮಾಡಿದ್ದು ಇಂಥ ಗುಡ್ಡಗಳಲ್ಲಿಯೇ.

ಈ ಆರಕ್ಕೂ ಉತ್ತರ ಬಂದ ಮೇಲೆ ಕೊನೆಯ ಮಾತು ಕೇಳಬೇಕು: ತೊಂದರೆ ಇದ್ದರೆ, ಅದನ್ನು ಕಡಿಮೆ ಮಾಡಲು ಸಾಧಾರಣ ಖರ್ಚಿನಲ್ಲಿ ಆಗುವ ಎಲ್ಲವನ್ನೂ ಅರ್ಜಿದಾರನು ಮಾಡಿದ್ದಾನೆಯೆ? ಮಾಡಿದ್ದರೆ ಒಪ್ಪಿಗೆ ಕೊಡುವುದೇ ನ್ಯಾಯ. ಮಾಡದಿದ್ದರೆ ನಕ್ಷೆ ತಿದ್ದಿ ತರಲು ಹೇಳುವುದು ನ್ಯಾಯ.

ಬಿದಿರು ಗಳದ ಪರೀಕ್ಷೆ

ಕಾಗದದ ಮೇಲಿನ ನಕ್ಷೆ ನೋಡಿ ಎತ್ತರವನ್ನು ಊಹಿಸುವುದು ಇಂಜಿನಿಯರರಿಗೂ ಕಷ್ಟ. ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಕಟ್ಟಡ ಬರುವ ಜಾಗದ ನಾಲ್ಕು ಮೂಲೆಗಳಲ್ಲಿ ಕಟ್ಟಡದ ಪೂರ್ತಿ ಎತ್ತರದ ಬಿದಿರು ಗಳಗಳನ್ನು ನೆಟ್ಟು, ತುದಿಗೆ ಕೆಂಪು ಬಟ್ಟೆ ಕಟ್ಟಿ, ಗಳದಿಂದ ಗಳಕ್ಕೆ ಹಗ್ಗ ಎಳೆಯಬೇಕು. ಒಂದು ವಾರ ಹಾಗೆಯೇ ಬಿಡಬೇಕು. ಊರಿನವರೆಲ್ಲರೂ ಹೋಗಿ ಬರುವಾಗ ನೋಡುತ್ತಾರೆ. ಕಟ್ಟಡ ಎಷ್ಟು ದೊಡ್ಡದು, ಯಾವುದನ್ನು ಮುಚ್ಚುತ್ತದೆ ಎಂಬುದು ಓದು ಬರಹ ಬಾರದವರಿಗೂ ತಿಳಿಯುತ್ತದೆ. ಇದು ಹುಡುಗಾಟವಲ್ಲ. ಸ್ವಿಟ್ಜರ್‌ಲೆಂಡ್ ದೇಶದಲ್ಲಿ ಕಟ್ಟಡದ ಅಪ್ಪಣೆ ಕೇಳುವವರು ಹೀಗೆಯೇ ಗಳ ನಿಲ್ಲಿಸಿ ನೆರೆಹೊರೆಯವರಿಗೆ ತೋರಿಸುವ ಪದ್ಧತಿ ಇದೆ.

ಇದರ ಹಿಂದಿನ ಲೆಕ್ಕವೂ ಸುಲಭ. ರಸ್ತೆಯಲ್ಲಿ ನಿಂತವನಿಂದ 1,000 ಮೀಟರ್ ದೂರದಲ್ಲಿ, ಅವನ ಕಣ್ಣಿನ ಮಟ್ಟಕ್ಕಿಂತ 100 ಮೀಟರ್ ಎತ್ತರದ ಗುಡ್ಡ ಇದೆ ಎಂದಿಟ್ಟುಕೊಳ್ಳೋಣ. ನಿಂತವನ ಕಣ್ಣು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುತ್ತದೆ. ಈಗ ಅವನಿಂದ 50 ಮೀಟರ್ ದೂರದಲ್ಲಿ, ಟ್ಯಾಂಕೂ ಸೇರಿ ಹನ್ನೊಂದೂವರೆ ಮೀಟರ್ ಎತ್ತರದ ಮೂರು ಅಂತಸ್ತಿನ ಕಟ್ಟಡ ಬಂದರೆ, ಅದು ಕಣ್ಣಿನ ಮಟ್ಟಕ್ಕಿಂತ 10 ಮೀಟರ್ ಮೇಲೆ ನಿಲ್ಲುತ್ತದೆ. 50ಕ್ಕೆ 10 ಆದರೆ 1,000ಕ್ಕೆ 200. ಅಂದರೆ 200 ಮೀಟರ್ ಎತ್ತರದ ಗುಡ್ಡವನ್ನೂ ಅದು ನುಂಗಬಲ್ಲುದು. ನಮ್ಮ 100 ಮೀಟರಿನ ಗುಡ್ಡ ಪೂರ್ತಿ ಮರೆಯಾಯಿತು.

ಅದೇ ಕಟ್ಟಡವನ್ನು 200 ಮೀಟರ್ ಹಿಂದಕ್ಕೆ ಕಟ್ಟಿದರೆ? 200ಕ್ಕೆ 10 ಆದರೆ 1,000ಕ್ಕೆ 50. ಗುಡ್ಡದ ಕೆಳಗಿನ ಅರ್ಧ ಮಾತ್ರ ಮರೆಯಾಗಿ, ತುದಿ ಕಾಣುತ್ತದೆ. ಇನ್ನು ಮೊದಲಿನ 50 ಮೀಟರ್ ಜಾಗದಲ್ಲಿಯೇ 4 ಮೀಟರ್ ಎತ್ತರದ ಒಂದೇ ಅಂತಸ್ತು ಕಟ್ಟಿದರೆ? ಕಣ್ಣಿನ ಮೇಲೆ ಎರಡೂವರೆ ಮೀಟರ್. 1,000 ಮೀಟರಿಗೆ ಅದೂ 50. ಅಲ್ಲಿಗೆ ಎತ್ತರ ತಗ್ಗಿಸುವುದೂ ಹಿಂದಕ್ಕೆ ಸರಿಯುವುದೂ ಒಂದೇ ಫಲ ಕೊಡುತ್ತವೆ. ಎರಡನ್ನೂ ಮಾಡಿದರೆ, ಅಂದರೆ ಒಂದೇ ಅಂತಸ್ತನ್ನು 200 ಮೀಟರ್ ಹಿಂದೆ ಕಟ್ಟಿದರೆ, ಮರೆಯಾಗುವುದು ಬರಿಯ ಹನ್ನೆರಡೂವರೆ ಮೀಟರ್. ಸಾಧಾರಣ ತೆಂಗಿನ ಮರದಷ್ಟು!

ಈ ಲೆಕ್ಕ ತಿಳಿದವನು ಕಟ್ಟಬೇಡ ಎನ್ನುವುದಿಲ್ಲ. ಸ್ವಲ್ಪ ಹಿಂದೆ, ಸ್ವಲ್ಪ ತಗ್ಗಿಸಿ ಎನ್ನುತ್ತಾನೆ.

ಒಂದು ಉದಾಹರಣೆ

ರಸ್ತೆಯ ಅಂಚಿನಲ್ಲಿ ಎರಡು ಎಕರೆ ಇರುವ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಇಬ್ಬರು ಮಕ್ಕಳು. ಬಾಳೆಗೆ ಒಂದು ವರ್ಷ ಬೆಲೆ ಇರುತ್ತದೆ, ಇನ್ನೊಂದು ವರ್ಷ ಕಡಿದ ಕೂಲಿಯೂ ಹುಟ್ಟುವುದಿಲ್ಲ. ಹನ್ನೆರಡು ಕೋಣೆಗಳ ವಸತಿಗೃಹ ಕಟ್ಟಬೇಕೆಂದು ಹಿರಿಯ ಮಗನ ಆಸೆ. ರಸ್ತೆಗೆ ಅಂಟಿದಂತೆ ಮೂರು ಅಂತಸ್ತು, ಮೇಲೆ ಕಪ್ಪು ಟ್ಯಾಂಕು, ಅದರ ಮೇಲೆ ದೊಡ್ಡ ಫಲಕ. ಹಿಂದೆ ಇರುವುದು ಬಂಡೆಗುಡ್ಡ.

ಬೇಡ ಎಂದು ಅರ್ಜಿ ತಿರಸ್ಕರಿಸಿದರೆ ಆ ಮನೆಯವರಿಗೆ ಅನ್ಯಾಯ. ಹಾಗೆಯೇ ಒಪ್ಪಿದರೆ ನಾಳೆ ಪಕ್ಕದವನೂ ಕಟ್ಟುತ್ತಾನೆ, ನಾಡಿದ್ದು ಅವನ ಪಕ್ಕದವನು. ಐದು ವರ್ಷದಲ್ಲಿ ರಸ್ತೆಯ ಉದ್ದಕ್ಕೂ ಗೋಡೆ. ಆಗ ಪ್ರವಾಸಿಗನು ಇಲ್ಲಿ ಏಕೆ ಇಳಿಯಬೇಕು? ಅಂಥ ಗೋಡೆಯನ್ನು ಅವನು ತನ್ನ ಊರಿನಲ್ಲಿಯೇ ನೋಡಿ ಬಂದಿರುತ್ತಾನೆ. ಗುಡ್ಡವನ್ನು ನೋಡಲು ಬರುವವನಿಗೆ ಗುಡ್ಡವನ್ನೇ ಮುಚ್ಚಿ ಕೋಣೆ ಕೊಟ್ಟರೆ ವ್ಯಾಪಾರ ಎಷ್ಟು ದಿನ ನಡೆದೀತು?

ಮೂರನೆಯ ದಾರಿ ಹೀಗೆ. ಮುಂದಿನ ಒಂದು ಎಕರೆ ಬಾಳೆಯ ತೋಟವಾಗಿಯೇ ಉಳಿಯಲಿ. ಹಿಂದಿನ ಭಾಗದಲ್ಲಿ ಒಂದೇ ಅಂತಸ್ತಿನ ನಾಲ್ಕು ಸಣ್ಣ ಮನೆಗಳು, ಒಂದೊಂದರಲ್ಲಿ ಮೂರು ಕೋಣೆ. ಮಟ್ಟಸವಾದ ಮಾಳಿಗೆ, ಮಣ್ಣಿನ ಬಣ್ಣ. ಟ್ಯಾಂಕನ್ನು ಎತ್ತರಕ್ಕೆ ಒಯ್ಯದೆ ಗೋಡೆಯ ಮರೆಯಲ್ಲಿ ಇಡುವುದು. ರಸ್ತೆಗೆ ಒಂದೇ ಸಣ್ಣ ಫಲಕ. ದೀಪಗಳು ಕೆಳಮುಖ. ಇಟ್ಟಿಗೆಯ ಎತ್ತರದ ಕಾಂಪೌಂಡಿಗೆ ಬದಲು ಗಿಡಗಳ ಬೇಲಿ. ಹೊಂಗೆ ಬೇವುಗಳನ್ನು ಕಟ್ಟಡದ ಬದಿಯಲ್ಲಿ ನೆಡಬೇಕು, ಗುಡ್ಡ ಕಾಣುವ ಕಡೆಯಲ್ಲಿ ಅಲ್ಲ; ಏಕೆಂದರೆ ಮರವೂ ನೋಟವನ್ನು ಮುಚ್ಚುತ್ತದೆ. ಕೋಣೆಗಳು ಹನ್ನೆರಡೇ ಆದವು. ಅಡಿಪಾಯಕ್ಕೂ ಛಾವಣಿಗೂ ಖರ್ಚು ಸ್ವಲ್ಪ ಹೆಚ್ಚು, ಮೇಲಂತಸ್ತಿನ ಕಂಬ ತೊಲೆ ಮೆಟ್ಟಿಲುಗಳ ಖರ್ಚು ಕಡಿಮೆ. ಒಂದು ಎಕರೆ ತೋಟವೂ ಉಳಿಯಿತು. ಬಂದವನು ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೆ ಗುಡ್ಡ. ಅದಕ್ಕಾಗಿಯೇ ಅವನು ಮತ್ತೊಮ್ಮೆ ಬರುತ್ತಾನೆ.

ಇದೆಲ್ಲಕ್ಕೂ ಮೊದಲು ಆ ಜಾಗದಲ್ಲಿ ಇಂಥ ಉಪಯೋಗಕ್ಕೆ ಅವಕಾಶ ಇದೆಯೇ ಎಂದು ತಿಳಿಯಬೇಕು. ಅದನ್ನು ಮುಂದೆ ನೋಡೋಣ.

ಕಾಯಿದೆ ಏನು ಹೇಳುತ್ತದೆ?

ನೋಟವನ್ನು ಕಾಯುವ ಅಧಿಕಾರ ಒಂದೇ ಕಾಯಿದೆಯಲ್ಲಿ ಇಲ್ಲ, ಹಲವು ಕಡೆ ಹಂಚಿದೆ.

ಕೇಂದ್ರ ಸರಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯಂತೆ, 2010ರ ತಿದ್ದುಪಡಿ ಆದ ಮೇಲೆ, ಕೇಂದ್ರ ರಕ್ಷಿತ ಸ್ಮಾರಕದ ಎಲ್ಲೆಯಿಂದ ಸುತ್ತಲೂ 100 ಮೀಟರ್ ನಿಷೇಧಿತ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕೂಡದು, ಹಳೆಯ ಮನೆಯ ದುರಸ್ತಿಗೂ ಅಪ್ಪಣೆ ಬೇಕು. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ಅಪ್ಪಣೆ ಪಡೆದು ಕಟ್ಟಬಹುದು. ರಾಜ್ಯ ಸರಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಕರ್ನಾಟಕ ಕಾಯಿದೆ ಅನ್ವಯಿಸುತ್ತದೆ. ಗಡ್ಡೆಯ ರೆಸಾರ್ಟುಗಳು ಬಿದ್ದದ್ದು ಈ ಕಾಯಿದೆಯ ಬಲದಿಂದಲೇ.

ಹಂಪಿಗಾಗಿಯೇ 2002ರ ಕಾಯಿದೆಯಿಂದ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಏರ್ಪಟ್ಟಿತು. ಸುಮಾರು 41.8 ಚದರ ಕಿಲೋಮೀಟರ್ ಮುಖ್ಯ ವಲಯವೂ ಸೇರಿ, ಹೊಳೆಯ ಎರಡೂ ದಂಡೆಗಳ 29 ಹಳ್ಳಿಗಳ ಸುಮಾರು 236 ಚದರ ಕಿಲೋಮೀಟರ್ ಅದರ ಯೋಜನಾ ಪ್ರದೇಶ. ಯಾವ ಸರ್ವೆ ನಂಬರು ಯಾವ ವಲಯದಲ್ಲಿ ಬರುತ್ತದೆ, ಅಲ್ಲಿ ಏನು ಕಟ್ಟಬಹುದು ಎಂಬುದನ್ನು ಪ್ರಾಧಿಕಾರದ ಮಹಾಯೋಜನೆಯ ನಕ್ಷೆಯಲ್ಲಿ ನೋಡಿಕೊಳ್ಳಬೇಕು. ಭೂಮಿ ಕೊಳ್ಳುವ ಮೊದಲು, ಮಾರುವ ಮೊದಲು, ಮುಂಗಡ ಹಣ ಹಿಡಿಯುವ ಮೊದಲು ಈ ಕೆಲಸ ಮಾಡತಕ್ಕದ್ದು. ಎಲ್ಲ ಸರಿಯಾಗುತ್ತದೆ ಎಂಬ ದಲ್ಲಾಳಿಯ ಮಾತು ಕಾಗದವಲ್ಲ.

ಇವುಗಳ ಜೊತೆಗೆ ಕೃಷಿ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು 1964ರ ಭೂಕಂದಾಯ ಕಾಯಿದೆಯಂತೆ ಭೂ ಪರಿವರ್ತನೆ ಬೇಕು. 1993ರ ಪಂಚಾಯತ್ ರಾಜ್ ಕಾಯಿದೆಯು ಕಟ್ಟಡಗಳ ವಿಚಾರದಲ್ಲಿ ಗ್ರಾಮ ಪಂಚಾಯಿತಿಗೂ ಅಧಿಕಾರ ಕೊಟ್ಟಿದೆ. ಅರ್ಜಿಯ ಕಾಗದಗಳನ್ನು ನೋಡಲು 2005ರ ಮಾಹಿತಿ ಹಕ್ಕು ಕಾಯಿದೆ ಇದೆ. ಹಾಗಾಗಿ, ನಮ್ಮ ಕೈಯಲ್ಲಿ ಏನಿದೆ ಎಂದು ಕೈಚೆಲ್ಲುವ ಕಾರಣವಿಲ್ಲ.

ಹೊರದೇಶಗಳಲ್ಲಿಯೂ ಇದು ನಡೆದುಬಂದಿದೆ. ಲಂಡನ್ ಪಟ್ಟಣದಲ್ಲಿ ಸಂತ ಪಾಲನ ಚರ್ಚಿನ ಗುಮ್ಮಟ ದೂರದಿಂದ ಕಾಣುತ್ತಿರಬೇಕೆಂದು 1930ರ ದಶಕದಿಂದಲೇ ಸುತ್ತಲಿನ ಕಟ್ಟಡಗಳ ಎತ್ತರಕ್ಕೆ ಮಿತಿ ಹಾಕಿದ್ದಾರೆ. ಜರ್ಮನಿಯ ಡ್ರೆಸ್ಡೆನ್ ಪಟ್ಟಣದ ಎಲ್ಬ್ ನದಿಯ ಕಣಿವೆ 2004ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ಕಣಿವೆಯ ನಡುವೆ ದೊಡ್ಡ ಸೇತುವೆ ಕಟ್ಟಲು ಹೊರಟದ್ದರಿಂದ 2009ರಲ್ಲಿ ಅದರ ಹೆಸರನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಹಂಪಿ ಅಂಥ ಗತಿಯಿಂದ ಪಾರಾಗಿ ಬಂದಿದೆ ಎಂಬುದನ್ನು ನಾವು ಮರೆಯಬಾರದು.

ಬಡವನ ಮನೆಯ ಮಾತು

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ಲೇಖನ ಅಪೂರ್ಣವಾದೀತು. ನೋಟದ ಹೆಸರಿನಲ್ಲಿ ನಿಯಮ ಮಾಡಿದಾಗ ಅದು ಮೊದಲು ತಾಗುವುದು ಬಡವನಿಗೆ. ಮಗನ ಮದುವೆಯಾಗಿದೆ, ಇನ್ನೊಂದು ಕೋಣೆ ಬೇಕು. ಮಾಳಿಗೆ ಸೋರುತ್ತದೆ, ತಗಡು ಹಾಕಬೇಕು. ಅಂಥವನು ಕಚೇರಿಯಿಂದ ಕಚೇರಿಗೆ ಅಲೆಯುವಾಗ, ದುಡ್ಡಿದ್ದವನು ರಾತ್ರೋರಾತ್ರಿ ಮೂರು ಅಂತಸ್ತು ಎಬ್ಬಿಸಿದರೆ ಜನ ನಿಯಮವನ್ನೇ ದ್ವೇಷಿಸುತ್ತಾರೆ. ಅದು ಸಹಜವೂ ಹೌದು.

ಆದ್ದರಿಂದ ಪರಿಶೀಲನೆಯು ದೊಡ್ಡದರಿಂದ ಆರಂಭವಾಗಬೇಕು. ವಸತಿಗೃಹ, ಬಡಾವಣೆ, ಕಲ್ಲು ಕ್ವಾರಿ, ಎತ್ತರದ ಗೋಪುರ, ದೊಡ್ಡ ಜಾಹೀರಾತು ಫಲಕ ಇವುಗಳಿಗೆ ಬಿಗಿಯಾದ ಪ್ರಶ್ನೆ. ವಾಸದ ಮನೆಗೆ, ದನದ ಕೊಟ್ಟಿಗೆಗೆ, ಕಣಕ್ಕೆ ಸುಲಭವಾದ ದಾರಿ. ಬಡಕುಟುಂಬಕ್ಕೆ ಒಂದು ಜಾಗದಲ್ಲಿ ಮನೆ ಕೂಡದೆಂದರೆ, ಎಲ್ಲಿ ಕೂಡುತ್ತದೆ ಎಂಬುದನ್ನೂ ಅದೇ ಸಭೆಯಲ್ಲಿ ತೋರಿಸಬೇಕು. ಊರಿನ ಅಂದಕ್ಕೆ ಬೆಲೆ ಕೊಡುವುದಾದರೆ ಆ ಬೆಲೆಯನ್ನು ಇಡೀ ಊರು ಕೊಡಬೇಕು, ಒಬ್ಬನೇ ಕೊಡಬಾರದು.

ಪಂಚಾಯಿತಿ ಮಾಡಬಹುದಾದ ನಾಲ್ಕು ಕೆಲಸಗಳು

ಮೊದಲನೆಯದಾಗಿ, ಗ್ರಾಮಸಭೆಯಲ್ಲಿ ಕುಳಿತು ಊರಿನ ಮುಖ್ಯ ನೋಟಗಳನ್ನು ಗೊತ್ತುಮಾಡಿ. ಐದೋ ಆರೋ ಸಾಕು. ಎಲ್ಲಿ ನಿಂತರೆ ಯಾವುದು ಕಾಣಬೇಕು ಎಂದು ಒಂದೊಂದು ಸಾಲು ಬರೆದು ನಡಾವಳಿಯಲ್ಲಿ ಸೇರಿಸಿ. ಹಿರಿಯರನ್ನೂ ಹೆಂಗಸರನ್ನೂ ಶಾಲೆಯ ಮಕ್ಕಳನ್ನೂ ಕೇಳಿ. ಎಲ್ಲವೂ ಮುಖ್ಯ ಎಂದರೆ ಯಾವುದೂ ಉಳಿಯುವುದಿಲ್ಲ.

ಎರಡನೆಯದಾಗಿ, ಆ ಜಾಗಗಳಿಂದ ವರ್ಷಕ್ಕೊಮ್ಮೆ ಅದೇ ತಿಂಗಳಲ್ಲಿ ಫೋಟೊ ತೆಗೆದಿಡಿ. 1856ರಲ್ಲಿ ಅಲೆಗ್ಜಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪಿಯಲ್ಲಿ ತೆಗೆದ ಫೋಟೊಗಳಿವೆ. ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಅದೇ ಜಾಗಗಳಲ್ಲಿ ಮತ್ತೆ ಫೋಟೊ ತೆಗೆದು ಹೋಲಿಸಿದಾಗ ಏನು ಉಳಿದಿದೆ, ಏನು ಹೋಗಿದೆ ಎಂಬುದು ಸ್ಪಷ್ಟವಾಯಿತು. ಈಗ ಪ್ರತಿ ಮನೆಯಲ್ಲಿಯೂ ಮೊಬೈಲು ಫೋನಿದೆ. ಶಾಲೆಯ ಮಕ್ಕಳೇ ಈ ಕೆಲಸ ಮಾಡಬಲ್ಲರು.

ಮೂರನೆಯದಾಗಿ, ದೊಡ್ಡ ಅರ್ಜಿ ಬಂದಾಗ ಬಿದಿರು ಗಳದ ಪರೀಕ್ಷೆಯನ್ನು ಕೇಳಿ. ಆರು ಪ್ರಶ್ನೆಗಳಿಗೆ ಉತ್ತರವನ್ನು ಬರೆದುಕೊಂಡು, ಷರತ್ತುಗಳಿದ್ದರೆ ಎತ್ತರ ಇಷ್ಟು, ದೂರ ಇಷ್ಟು, ಬಣ್ಣ ಇಂಥದು ಎಂದು ಅಂಕಿಗಳಲ್ಲಿಯೇ ಬರೆದು, ಪ್ರಾಧಿಕಾರಕ್ಕೂ ಒಂದು ಪ್ರತಿ ಕಳುಹಿಸಿ. ಅಂದವಾಗಿ ಕಟ್ಟತಕ್ಕದ್ದು ಎಂಬ ಷರತ್ತು ಷರತ್ತೇ ಅಲ್ಲ. ಕಟ್ಟಡ ಮುಗಿದ ಮೇಲೆ ಹೋಗಿ ಅಳೆದು ನೋಡುವುದನ್ನೂ ಬಿಡಬೇಡಿ.

ನಾಲ್ಕನೆಯದಾಗಿ, ಪಂಚಾಯಿತಿಯು ತನ್ನ ಕೆಲಸದಿಂದಲೇ ಮಾದರಿ ತೋರಿಸಲಿ. ಬಸ್ಸು ತಂಗುದಾಣವನ್ನು ಗುಡಿಗೆ ಅಡ್ಡವಾಗಿ ಕಟ್ಟುವುದು, ಹಳೆಯ ಬಾವಿಯಲ್ಲಿ ಕಸ ಸುರಿಯಲು ಬಿಡುವುದು, ಸ್ವಾಗತದ ಕಮಾನಿಗೆ ಹತ್ತು ಬಣ್ಣ ಬಳಿಯುವುದು, ಇವನ್ನೆಲ್ಲ ನಾವೇ ಮಾಡಿ ಬೇರೆಯವರಿಗೆ ನಿಯಮ ಹೇಳಿದರೆ ಯಾರು ಕೇಳುತ್ತಾರೆ?

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಗುಡ್ಡವೂ ಹಾಗೆಯೇ. ಸಂಡೂರಿನ ಬೆಟ್ಟಗಳಲ್ಲಿ ಅದಿರು ತೆಗೆದ ಗಾಯಗಳನ್ನು ನಾವು ದೂರದಿಂದಲೇ ನೋಡಿದ್ದೇವೆ, ಅಲ್ಲಿನ ಕೆಂಪು ಧೂಳು ನಮ್ಮ ರಸ್ತೆಗಳಲ್ಲಿಯೂ ಹಾರಿದ್ದುಂಟು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ ಅದರ ಕೇಂದ್ರವಾದ ಮೇಲೆ ಪಟ್ಟಣ ನಾಲ್ಕೂ ಕಡೆ ಬೆಳೆಯುತ್ತಿದೆ. ಬೆಳೆಯಲಿ. ನಮ್ಮ ಮಕ್ಕಳಿಗೆ ಕೆಲಸ ಬೇಕು, ಮನೆ ಬೇಕು, ರಸ್ತೆ ಬೇಕು. ಆದರೆ ಆ ಮಕ್ಕಳು ಹೊಲದ ಬದುವಿನ ಮೇಲೆ ನಿಂತು ತಲೆಯೆತ್ತಿದಾಗ, ನಾವು ಕಂಡ ಗುಡ್ಡವನ್ನು ಅವರೂ ಕಾಣಬೇಕು. ಮುಂದಿನ ಗ್ರಾಮಸಭೆಗೆ ಹೋಗುವಾಗ ದಾರಿಯಲ್ಲಿ ಒಂದು ನಿಮಿಷ ನಿಂತು ಸುತ್ತಲೂ ನೋಡಿರಿ. ಏನು ಕಂಡಿರೋ ಅದನ್ನೇ ಸಭೆಯಲ್ಲಿ ಎದ್ದು ನಿಂತು ಹೇಳಿರಿ. ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.